ಮೊದಲು ಕಂದೀಲು ಇಳಿಸ್ರಿ

ನಮ್ಮೂರಿನ ಹೆಸರು ನಾ ಹೇಳಂಗಿಲ್ಲ. ಬ್ಯಾಡಗಿ ಟೇಶನ್ನಿಂದ ಕಾಗಿನೆಲಿ ಕಡೆ ಹೋಗೂ ಚಕ್ಕಡಿ ಹಾದ್ಯಾಗ ಬರತೈತಿ ಅಂತ ತಿಳಕೋರಿ, ಅಷ್ಟು ಸಾಕು. ಹೆಸರು ಹೇಳಾಕ ನಾಚಿಕಿ ಆಗತೈತಿ. ಹೋದ ವರ್ಷ, ಅಂದ್ರ ನಲವತ್ಮೂರನೇ ಇಸ್ವಿ ಆಷಾಢದಾಗ, ನಾವು ಮಾಡಿದ ಹೇಸಿ ಕೆಲಸ ನೆನಪಾದ್ರ ಇವತ್ತಿಗೂ ಸಿಟ್ಟು ನೆತ್ತಿಗೇರತೈತಿ. ಆ ಸಿಟ್ಟು ಊರ ಮಂದಿ ಮ್ಯಾಲೆ ಐತಿ, ನನ್ನ ಮ್ಯಾಲೂ ಐತಿ. ಯಾರ ಮ್ಯಾಲೆ ಹೆಚ್ಚು ಅನ್ನೋದು ಕಥಿ ಮುಗದ ಮ್ಯಾಲೆ ನೀವೇ ಹೇಳ್ರಿ.

ನಾನು ಉಚ್ಚಂಗೆವ್ವ. ನನಗ ಬರಿಯಾಕ ಬರಂಗಿಲ್ಲ. ನಮ್ಮ ಸಾಲೀ ಅಕ್ಕೋರು ನಲಿನಿಬಾಯಿ ಬರಕೊಳ್ಳಾಕತ್ತಾರ. "ಅಕ್ಕೋರ, ನಾ ಬೈದದ್ದನ್ನ ಬೈದಂಗೇ ಬರೀರಿ, ಸಕ್ಕರಿ ಸುರಿಬ್ಯಾಡ್ರಿ" ಅಂತ ಮೊದಲೇ ಹೇಳೀನಿ.

ನಮ್ಮ ಕಡೆ ಜೋಳಾ ಹಗೇವಿನ್ಯಾಗ ಇಡತೀವಿ. ಹಗೇವು ಅಂದ್ರ ನೆಲದಾಗ ತೋಡಿದ ಕಣಜ. ಬಾಯಿ ಒಬ್ಬ ಮನಷ್ಯಾ ಇಳಿಯೂವಷ್ಟು ಸಣ್ಣದು, ಹೊಟ್ಟಿ ದೊಡ್ಡದು. ಸುತ್ತ ಹುಲ್ಲು ಮೆತ್ತಿ, ಜೋಳಾ ಸುರುವಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮ್ಯಾಲೆ ಮಣ್ಣು ಬಡದ್ರ ಮುಗೀತು. ವರ್ಷಗಟ್ಟಲೆ ಹುಳಾ ಹತ್ತಂಗಿಲ್ಲ. ಇದನ್ನ ತೋಡೂದು, ಮುಚ್ಚೂದು, ತೆಗಿಯೂದು ನಮ್ಮೂರಾಗ ಚಮನಸಾಬನ ಮನೆತನದ ಕೆಲಸ. ಅವನ ಅಪ್ಪಾನೂ ಅದನ್ನೇ ಮಾಡಿದ, ಅಜ್ಜಾನೂ ಅದನ್ನೇ ಮಾಡಿದ.

ಈಗ ಯುದ್ಧ ನಡದೈತಲ್ರಿ, ಅದು ಸುರು ಆಗಿ ಮೂರು ವರ್ಷಕ್ಕ ಬರ್ಮಾದ ಅಕ್ಕಿ ನಿಂತು ಹೋತು. ರಾಣೆಬೆನ್ನೂರು ಪ್ಯಾಟ್ಯಾಗೂ ಜೋಳಾ ಕಣ್ಣಿಗೆ ಕಾಣದಂಗಾತು. ಆ ಮಳಿಗಾಲದಾಗ ನಮ್ಮೂರಾಗ ಹುಣಸೀ ಬೀಜಾ ಹುರದು ತಿಂದ ಮನಿ ನಾ ಕಣ್ಣಾರೆ ನೋಡೀನಿ. ಆಗ ಚಮನಸಾಬ ಊರ ಹೆಬ್ಬಾಗಲದಾಗ, ಅಗಸೀ ಕಟ್ಟೀ ಮ್ಯಾಲೆ ಕುಂತು ಒಂದು ಮಾತು ಹೇಳಿದ.

"ಬೆಂಕಿ ಬಿದ್ದ ಮ್ಯಾಲೆ ಬಾವಿ ತೋಡಿದ್ರ ಏನು ಬಂತ್ರಿ? ಸುಗ್ಗ್ಯಾಗ ಪ್ರತಿ ಮನಿಯವರೂ ಕೈಲಾದಷ್ಟು ಜೋಳಾ ಕೊಡ್ರಿ. ಇದ್ದವರು ಚೀಲ ಕೊಡ್ರಿ, ಇಲ್ಲದವರು ಬುಟ್ಟಿ ಕೊಡ್ರಿ. ಅಗಸೀ ಮುಂದ ಊರ ಹಗೇವು ಅಂತ ಒಂದು ಮಾಡೂಣು. ಆಷಾಢದಾಗ ಮನ್ಯಾಗ ಕಾಳು ತೀರಿದವರಿಗೆ ಅದರಾಗಿಂದ ಕೊಡೂಣು. ತೋಡೂ ಕೆಲಸ ನಂದು, ಕೂಲಿ ಬ್ಯಾಡ."

ನಾ ಮನೀಗೆ ಬಂದು ಜಗಳಾ ತಗದೆ. "ನನ್ನ ಜೋಳಾ ನನ್ನ ಮನ್ಯಾಗಿರಲಿ. ಊರ ಉಸಾಬರಿ ನಮಗ್ಯಾಕ?" ಅಂದೆ. ನಮ್ಮ ಮನಿಯವರು ಮಾತಾಡೂದು ಕಡಿಮಿ. ಸುಮ್ನ ಎರಡು ಚೀಲ ಹೊತ್ತುಕೊಂಡು ಹೋಗಿ ಸುರುವಿ ಬಂದ್ರು. ನಾ ಎರಡು ದಿವಸ ಮಾತು ಬಿಟ್ಟೆ. ಹೀಂಗ ಊರ ಹಗೇವು ಆತು.

ಇನ್ನ ಆಷಾಢದ ಆ ದಿವಸಕ್ಕ ಬರತೇನಿ.

ಹಿಂದಿನ ವಾರ ಮಳಿ ಹಿಡದು ಹೊಡದಿತ್ತು. ಹತ್ತಿಪ್ಪತ್ತು ಮನ್ಯಾಗ ಕಾಳು ತೀರಿತ್ತು. ಹಗೇವು ತೆಗಿಯೂದು ಅಂತ ಠರಾವಾತು. ಬೆಳ್ ಬೆಳಿಗ್ಗೆ ಚಮನಸಾಬ ಬಂದ. ನನ್ನ ಮೈದುನ ಗುಡ್ಡಪ್ಪ ಕಲ್ಲು ಎಬ್ಬಿಸೂ ಹಾರಿ ತಗೊಂಡು ಅವನ ಜೋಡಿ ಹೋದ. ಗುಡ್ಡಪ್ಪಗ ಇಪ್ಪತ್ತೈದು ವಯಸ್ಸು, ಮೈಯಾಗ ಕಸುವು ಭಾಳ, ತಲ್ಯಾಗ ತಾಳ್ಮಿ ಇಲ್ಲ. ಇಬ್ಬರೂ ಕೂಡಿ ಮಣ್ಣು ಕೆದರಿ ಹಾಸುಗಲ್ಲು ಸರಿಸಿದ್ರು. ಅಲ್ಲಿ ಚಮನಸಾಬ ಹೇಳಿದ ಮಾತು ಗುಡ್ಡಪ್ಪ ಒಬ್ಬನೇ ಕೇಳ್ಯಾನ. ಅವತ್ತು ನನಗದು ಗೊತ್ತಿರಲಿಲ್ಲ. ನಿಮಗ ಮಾತ್ರ ಈಗಲೇ ಹೇಳಿಬಿಡತೇನಿ, ಯಾಕಂದ್ರ ನಾವೆಷ್ಟು ಹುಚ್ಚರಂಗ ಮಾಡಿದ್ವಿ ಅನ್ನೋದು ನಿಮಗ ತಿಳೀಬೇಕು.

"ಗುಡ್ಡ್ಯಾ, ಜೋಳಾ ಒಳಗ ಕುಂತು ಉಸುರಾಡತೈತಿ. ಮಳಿ ನೀರು ಬ್ಯಾರೆ ಇಳದೈತಿ. ಆ ಕೆಟ್ಟ ಉಸುರು ಮೊದಲು ಹೊರಗ ಹೋಗಬೇಕು. ಇವತ್ತೊಂದು ದಿನಾ ಬಾಯಿ ತೆರದು ಬಿಡು. ನಾಳೆ ನಾ ಬಂದು ಕಂದೀಲು ಇಳಿಸಿ ನೋಡತೇನಿ. ಕಂದೀಲು ಉರದ್ರ ಇಳಿಯೂದು, ಆರಿದ್ರ ಇಳಿಯಂಗಿಲ್ಲ. ಅಲ್ಲೀತನಕ ಯಾರನ್ನೂ ಬಿಡಬ್ಯಾಡ."

"ಯಾಕ ಕಾಕಾ, ನೀ ಎಲ್ಲಿ ಹೊಂಟಿ?"

"ಹಾವೇರಿಗೆ. ಮೆಹಬೂಬಿಗೆ ಜ್ವರಾ ಬಿಡವಲ್ದು. ದವಾಖಾನಿಯಿಂದ ಔಷಧ ತರತೇನಿ. ಮಧ್ಯಾಹ್ನದ ಗಾಡಿಗೆ ಹೊಳ್ಳಿ ಬರತೇನಿ."

ಮೆಹಬೂಬಿ ಅಂದ್ರ ಚಮನಸಾಬನ ಮಗಳು. ಹಡದು ಒಂಬತ್ತು ದಿವಸಾಗಿತ್ತು. ಬಾಣಂತಿ ಜ್ವರಾ. ಅಪ್ಪ ಆ ಅವಸರದಾಗೂ ಊರ ಕೆಲಸ ಬಿಡಲಿಲ್ಲ ನೋಡ್ರಿ. ಕಲ್ಲು ಸರಿಸಿಕೊಟ್ಟು, ಬುದ್ಧಿ ಹೇಳಿ, ಬ್ಯಾಡಗಿ ಟೇಶನ್ನಿಗೆ ನಡಕೊಂತ ಹೋದ.

ಬಿಸಿಲು ಏರಿತು. ಹೆಣ್ಮಕ್ಕಳು ಬುಟ್ಟಿ ಹಿಡಕೊಂಡು ಬಂದು ಕುಂತ್ರು. ಮೋಡಾ ಮತ್ತ ಕಪ್ಪಾತು. "ಜೋಳಾ ಎಂದು ಕೊಡತೀರೋ? ಮಳಿ ಬಂದು ತೊಯಿಸಿದ ಮ್ಯಾಲೇನು?" ಅಂತ ಒಬ್ಬಾಕಿ ಅಂದ್ಲು. ಅಷ್ಟೇ ಸಾಕಾತು ನಮ್ಮ ಗುಡ್ಡಪ್ಪಗ. ನಡಾಕ ಹಗ್ಗಾ ಕಟಗೊಂಡು ಇಬ್ಬರ ಕೈಯಾಗ ತುದಿ ಕೊಟ್ಟು ಇಳದೇ ಬಿಟ್ಟ. ಜೋಳದ ಮ್ಯಾಲೆ ಕಾಲೂರಿ, "ಏ, ಬುಟ್ಟಿ ಬಿಡ್ರಿ" ಅಂದ. ಬುಟ್ಟಿ ಬಿಟ್ರು. ಅಂವ ಬಗ್ಗಿದ. ಬಗ್ಗಿದಂವ ಏಳಲಿಲ್ಲ.

ಹಗ್ಗಾ ಇತ್ತಂತ ಜೀವಾ ಉಳೀತು. ಎಳದು ಹೊರಗ ಹಾಕಿದ್ರು. ತುಟಿ ಕಪ್ಪಾಗಿದ್ವು, ಕಣ್ಣು ಮ್ಯಾಲಾಗಿದ್ವು. ಅಗಸೀ ಕಟ್ಟೀ ಮ್ಯಾಲೆ ಮಲಗಿಸಿದ್ರು. ನಾ ಓಡಿ ಬಂದೆ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡದೆ, ಅಂಗಾಲು ತಿಕ್ಕಿದೆ. ಉಸುರು ಸಣ್ಣಗ ಆಡತಿತ್ತು. ಎಚ್ಚರಿಲ್ಲ. ಸಣ್ಣಂವಿದ್ದಾಗಿಂದ ನನ್ನ ಕೈಯಾಗ ಉಂಡು ಬೆಳದ ಹುಡುಗ ಅಂವ.

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಬಾಜೂಕ ಕುಂತಿದ್ದ ನೀಲಗಂಗವ್ವಗ ಕೇಳಿದೆ. "ಚಮನಸಾಬ ಎಲ್ಲಿ ಹೋಗ್ಯಾನ? ಬೆಳಿಗ್ಗೆ ಕಲ್ಲು ತಗದು ಯಾರಿಗೂ ಹೇಳದಂಗ ಎಲ್ಲಿ ಹೋದ?"

ಇಷ್ಟೇ. ಇದನ್ನ ನೆನಪಿಟಗೋರಿ.

ಒಂದು ಗಡಿಗಿ ನೀರು ಕಾಯೂವಷ್ಟು ಹೊತ್ತೂ ಆಗಿರಲಿಲ್ಲ, ಮ್ಯಾಲಿನ ಓಣಿಯಿಂದ ಒಬ್ಬ ಮುದುಕಿ ಎದಿ ಬಡಕೊಂತ ಬಂದ್ಲು. "ಎವ್ವಾ ಉಚ್ಚಂಗೀ, ನಿನ್ನ ಮೈದುನ ಸತ್ತು ಹೋದನಂತಲ್ಲೇ! ಆ ಚಮನಸಾಬ ಹಗೇವಿಗೆ ವಿಷಾ ಹಾಕಿ ಊರು ಬಿಟ್ಟು ಓಡಿ ಹೋದನಂತಲ್ಲೇ!"

ಗುಡ್ಡಪ್ಪ ನನ್ನ ತೊಡೀ ಮ್ಯಾಲೆ ತಲಿ ಇಟಗೊಂಡು ಉಸುರಾಡಾಕತ್ತಿದ್ದ. ಸತ್ತಾನ ಅನ್ನೋದು ಸುಳ್ಳು ಅಂತ ನನ್ನ ಕಣ್ಣಿಗೇ ಕಾಣತಿತ್ತು. ಹಂಗಿದ್ರ ಅದೇ ಬಾಯಿಂದ ಬಂದ ಎರಡನೇ ಮಾತೂ ಸುಳ್ಳಿರಬೇಕು ಅಂತ ತಿಳಿಯಾಕ ಏನು ಕಾಶಿಗೆ ಹೋಗಿ ಓದಬೇಕಿತ್ತೇನು? ಆದ್ರ ನಾ ನಂಬಿದೆ. ಥೂ ನನ್ನ ಬುದ್ಧಿಗಿಷ್ಟು! ಇಪ್ಪತ್ತು ವರ್ಷದಿಂದ ನೋಡಿದ ಮನಷ್ಯಾನ್ನ ಬಿಟ್ಟು, ಗಾಳ್ಯಾಗ ಹಾರಿ ಬಂದ ಮಾತು ನಂಬಿದೆ.

ಗುಡ್ಡಪ್ಪನ್ನ ಮನಿಯವರ ಕೈಯಾಗ ಬಿಟ್ಟು ಎದ್ದೆ. ನಾ ಎದ್ದದ್ದು ನೋಡಿ ಮಂದೀನೂ ಎದ್ರು. ಒಬ್ಬ ಅಂದ, "ಜೋಳಾನೂ ವಿಷಾ ಆಗೇತಿ, ಸುಟ್ಟುಬಿಡ್ರಿ." ಇನ್ನೊಬ್ಬ ಅಂದ, "ಊರ ಹಗೇವು ಬ್ಯಾಡ ಏನೂ ಬ್ಯಾಡ, ಯಾರ ಪಾಲು ಅವರು ಒಯ್ಯೂಣು." ಸುಡೂ ಜೋಳದಾಗ ಪಾಲು ಹೆಂಗ ಒಯ್ತೀಯೋ ಹುಚ್ಚಪ್ಯಾಲಿ ಅಂತ ಯಾರೂ ಕೇಳಲಿಲ್ಲ. ಮೂರು ಮಂದಿ ಬಡಿಗಿ ತಗೊಂಡು ಬ್ಯಾಡಗಿ ಟೇಶನ್ನಿಗೆ ಹೋದ್ರು, ಚಮನಸಾಬ ಗಾಡಿ ಏರೂದರಾಗ ಹಿಡೀಬೇಕಂತ. ಒಬ್ಬ ಹುಲ್ಲಿನ ಪೆಂಡಿ ಹೊತ್ತುಕೊಂಡು ಬಂದ. ಆ ಹುಲ್ಲು ಹಗೇವಿಗೋ, ಚಮನಸಾಬನ ಮನೀಗೋ, ಅವನಿಗೇ ಗೊತ್ತಿರಲಿಲ್ಲ ಅನಸತೈತಿ.

ಮನಿ ಅಂದ್ರ ಎಷ್ಟು ದೂರ? ಅಗಸೀ ಕಟ್ಟಿಯಿಂದ ಇಪ್ಪತ್ತು ಹೆಜ್ಜಿ.

ಬಾಗಲ ಬಡದೆ. ರಸೂಲಬಿ ತಗದ್ಲು. ಚಮನಸಾಬನ ಹೆಂಡತಿ ಅಕಿ, ನನಗಿಂತ ಹತ್ತು ವರ್ಷ ದೊಡ್ಡಾಕಿ. ಕೈಯಾಗ ಹಸಿ ಅರಿವಿ ಇತ್ತು, ಮಗಳ ಹಣೀ ಮ್ಯಾಲೆ ಹಾಕೂದು. ಒಳಗ ಕೂಸು ಅಳತಿತ್ತು.

"ಎಲ್ಲಿ ನಿನ್ನ ಗಂಡ?" ಅಂತ ಒದರಿದೆ. "ನನ್ನ ಮೈದುನಗ ಏನು ಮಾಡ್ಯಾನ? ಹೇಳು!"

"ಗುಡ್ಡ್ಯಾಗ ಏನಾತು?" ಅಂತ ಅಕಿ ಹೌಹಾರಿದ್ಲು. ಗಂಡನ ಸುದ್ದಿ ಕೇಳಲಿಲ್ಲ, ತನ್ನ ಮ್ಯಾಲೆ ಬಂದ ಮಂದೀ ಸುದ್ದಿ ಕೇಳಲಿಲ್ಲ, ಮೊದಲು ಗುಡ್ಡಪ್ಪನ್ನ ಕೇಳಿದ್ಲು. ನನಗ ಅದೂ ತಿಳೀಲಿಲ್ಲ, ಅಷ್ಟು ಕುರುಡಾಗಿದ್ದೆ.

ಹಿಂದಿನಿಂದ ಯಾರೋ ಕೂಗಿದ್ರು. "ಹಗೇವಿಗೆ ವಿಷಾ ಹಾಕಿ ಮತ್ತ ಏನಾತು ಅಂತ ಕೇಳತಾಳ ನೋಡ್ರಿ!" ಒಂದು ಕಲ್ಲು ಬಂದು ಬಾಗಲದ ಚೌಕಟ್ಟಿಗೆ ಬಡೀತು.

ರಸೂಲಬಿ ಕಲ್ಲಿನ ಕಡೆ ನೋಡಿದ್ಲು. ಒಳಗ ಹೋದ್ಲು. ಓಡಿ ಹೋಗಿ ಅಡಗತಾಳ ಅಂತ ನಾವು ತಿಳಕೊಂಡ್ವಿ. ಹೊಳ್ಳಿ ಬಂದಾಗ ಕೈಯಾಗ ಕಂದೀಲು ಇತ್ತು. ಬಾಣಂತಿ ಕ್ವಾಣ್ಯಾಗಿಂದು. ಎಣ್ಣಿ ಸಿಗದ ಕಾಲದಾಗ ಬಾಣಂತಿಗೆ ಅಂತ ತಗದಿಟ್ಟ ಚೂರು ಎಣ್ಣಿ ಅದರಾಗಿತ್ತು. ಹಚ್ಚಿಕೊಂಡು ಬಂದಿದ್ಲು, ಹಾಡಾಹಗಲ ಹೊತ್ತಿನ್ಯಾಗ.

"ಉಚ್ಚಂಗೀ, ನಡೀ" ಅಂದ್ಲು.

"ಎಲ್ಲಿಗೆ?"

"ಹಗೇವಿಗೆ. ನನ್ನ ಮನಿ ಸುಡೂದಿದ್ರ ಆಮ್ಯಾಲೆ ಸುಡೀರಂತ. ಮನಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಮಂದಿ ದಾರಿ ಬಿಟ್ರು. ಯಾಕ ಬಿಟ್ರೋ ಗೊತ್ತಿಲ್ಲ. ಅಕಿ ಹಗೇವಿನ ಬಾಯಿ ಹಂತ್ಯಾಕ ಹೋಗಿ ಕಂದೀಲಿಗೆ ಹಗ್ಗಾ ಕಟ್ಟಿ ಇಳಿಸಿದ್ಲು. ಎಲ್ಲಾರೂ ಬಗ್ಗಿ ನೋಡಿದ್ವಿ. ಬಾಯಿ ದಾಟಿ ಎರಡು ಮೊಳ ಇಳೀತು, ಕಂದೀಲಿನ ಕುಡಿ ಸಣ್ಣಾತು. ಇನ್ನೊಂದು ಮೊಳ ಇಳೀತು, ಪಕ್ಕನ ಆರಿತು.

"ನೋಡಿದ್ರಿಲ್ಲೋ! ವಿಷಾ!" ಅಂತ ಪೆಂಡಿ ಹೊತ್ತಂವ ಕೂಗಿದ.

"ತಡೀಯೋ" ಅಂದ್ಲು ರಸೂಲಬಿ. ಕಂದೀಲು ಎಳದು ಮತ್ತ ಹಚ್ಚಿದ್ಲು. ಗೌಡ್ರ ಕಡೆ ತಿರಗಿದ್ಲು. ಗೌಡ್ರು ಅಷ್ಟೊತ್ತೂ ಮೀಸಿ ತಿರುವಿಕೋತ ನಿಂತಿದ್ರು. ಊರ ಹಿರೇರ ಕೆಲಸ ಅಂದ್ರ ಮೀಸಿ ತಿರುವೂದೇ ಇರಬೇಕು. "ಗೌಡ್ರ, ನಿಮ್ಮ ಹಿತ್ತಲದಾಗ ನಿಮ್ಮ ಹಗೇವು ಐತಿ. ಮಾಘದಾಗ ನಿಮ್ಮ ಆಳುಗಳೇ ಮುಚ್ಚ್ಯಾರ. ನನ್ನ ಗಂಡ ಈ ವರ್ಷ ಅದರ ಕಲ್ಲು ಮುಟ್ಟಿಲ್ಲ. ಖರೇ ಹೌದೋ ಅಲ್ಲೋ?"

"ಖರೇ" ಅಂದ್ರು ಗೌಡ್ರು.

"ಹಂಗಿದ್ರ ಅದನ್ನ ತಗಸ್ರಿ. ಅದಕ್ಕೂ ಕಂದೀಲು ಇಳಿಸೂಣು."

ಗೌಡ್ರಿಗೆ ಮನಸ್ಸಿರಲಿಲ್ಲ. ತಮ್ಮ ಹಗೇವಿನ್ಯಾಗ ಎಷ್ಟು ಜೋಳಾ ಐತಿ ಅಂತ ಮಂದೀಗೆ ಕಾಣೂದು ಅವರಿಗೆ ಬ್ಯಾಡಾಗಿತ್ತು. "ಇವತ್ತ ಯಾಕ, ನೋಡೂಣು..." ಅಂತ ರಾಗಾ ಎಳದ್ರು. ಆಗ ನಾನೇ ಬಾಯಿ ತಗದೆ. ಅವತ್ತು ನಾ ಮಾಡಿದ ಒಂದೇ ಒಂದು ಛಲೋ ಕೆಲಸ ಅದು. "ಗೌಡ್ರ, ಮನ್ಯಾಗ ಕೂಸಿರೂ ಹೆಣ್ಮಗಳು ಮಂದೀ ನಡುವ ಬಂದು ನಿಂತಾಳ. ನೀವು ಒಂದು ಕಲ್ಲು ಸರಿಸಾಕ ಹಿಂದ ಮುಂದ ನೋಡ್ತೀರೇನು?"

ಹಿತ್ತಲಕ್ಕ ಹೋದ್ವಿ. ಕಲ್ಲು ಸರಿಸಿದ್ರು. ರಸೂಲಬಿ ಕಂದೀಲನ್ನ ಗೌಡ್ರ ಕೈಯಾಗೇ ಕೊಟ್ಲು. "ನೀವೇ ಇಳಿಸ್ರಿ. ನಾ ಇಳಿಸಿದ್ರ ನಾನೇ ಊದಿ ಆರಿಸಿದೆ ಅಂತೀರಿ."

ಗೌಡ್ರು ಇಳಿಸಿದ್ರು. ಎರಡು ಮೊಳಕ್ಕ ಕುಡಿ ಸಣ್ಣಾತು. ಮೂರು ಮೊಳಕ್ಕ ಆರಿತು.

ಪೆಂಡಿ ಹೊತ್ತಂವ ಪೆಂಡಿ ಕೆಳಗಿಟ್ಟ.

"ಇದಕ್ಕೂ ನನ್ನ ಗಂಡ ವಿಷಾ ಹಾಕ್ಯಾನೇನು?" ಅಂತ ರಸೂಲಬಿ ಕೇಳಿದ್ಲು. "ಹಗೇವು ಅಂದ್ರ ಹಂಗೇ. ಮುಚ್ಚಿದ ಜೋಳಾ ಕೆಟ್ಟ ಉಸುರು ಬಿಡತೈತಿ. ಒಂದು ದಿನಾ ಬಾಯಿ ತೆರದಿಟ್ಟು, ಕಂದೀಲು ಇಳಿಸಿ ನೋಡಿ, ಆಮ್ಯಾಲೆ ಇಳೀಬೇಕು. ನಮ್ಮ ಮಾವನ ಕಾಲದಿಂದ ನಿಮ್ಮ ಎಲ್ಲಾರ ಹಗೇವಿಗೂ ನಮ್ಮ ಮಂದಿ ಕಂದೀಲು ಇಳಿಸ್ಯಾರ. ನೀವು ಜೋಳಾ ಮನೀಗೆ ಒಯ್ದು ರೊಟ್ಟಿ ತಿಂದ್ರಿ. ಕಂದೀಲು ಯಾಕ ಇಳಿಸತಾರ ಅಂತ ಒಬ್ಬರಾದ್ರೂ ಕೇಳಿದ್ರೇನು?"

ಅಷ್ಟೊತ್ತಿಗೆ ನಮ್ಮ ಮನಿಯವರು ಓಡಿ ಬಂದ್ರು. "ಗುಡ್ಡ್ಯಾ ಕಣ್ಣು ತೆರದಾನ. 'ಕಾಕಾ ಇಳೀಬ್ಯಾಡ ಅಂದಿದ್ದ, ನಾನೇ ಕೇಳಲಿಲ್ಲ' ಅಂತ ಅಳಾಕತ್ತಾನ. ಚಮನಣ್ಣ ಮಗಳಿಗೆ ಔಷಧ ತರಾಕ ಹಾವೇರಿಗೆ ಹೋಗ್ಯಾನಂತ" ಅಂದ್ರು.

ರಸೂಲಬಿ ಅಲ್ಲೇ ಕುಸದು ಕುಂತ್ಲು. ನನಗ ಆಗ ನೆನಪಾತು ನೋಡ್ರಿ, ಟೇಶನ್ನಿಗೆ ಹೋದ ಮೂರು ಮಂದಿ. "ಅಯ್ಯ ಶಿವನ! ಮಧ್ಯಾಹ್ನದ ಗಾಡಿ!" ಅಂದೆ. ಮನಿಯವರು ಗೌಡ್ರ ಸೈಕಲ್ಲು ಕಸಕೊಂಡ್ರು, ಕೇಳಲೂ ಇಲ್ಲ.

ಮುಟ್ಟೂದರಾಗ ತಡಾ ಆಗಿತ್ತು. ಚಮನಸಾಬ ಗಾಡಿ ಏರಿ ಓಡಿ ಹೋಗಿರಲಿಲ್ಲ, ಗಾಡಿ ಇಳದು ಊರ ಕಡೆ ಬರಾಕತ್ತಿದ್ದ. ಓಡಿ ಹೋಗಾಂವ ಊರ ಕಡೆ ಯಾಕ ಬರತಾನ ಅಂತ ಆ ಮೂರು ಗಂಡಸರ ತಲ್ಯಾಗ ಹೊಳೀಲಿಲ್ಲ. ಬಡಿಗಿ ಕೈಯಾಗಿದ್ರ ತಲಿ ಮನ್ಯಾಗ ಇರತೈತಿ. ಮನಿಯವರು ಹೋಗಿ ಬಿಡಿಸಿದ್ರು. ಬಲಗೈ ಎಲುಬು ಮುರದಿತ್ತು. ಬಾಟ್ಲಿ ಒಡದು ಔಷಧಾನ್ನ ಮಣ್ಣು ಕುಡದಿತ್ತು. ಚಮನಸಾಬ ಕೈ ನೋಡಿಕೊಳ್ಳಲಿಲ್ಲಂತ. ಬಾಟ್ಲಿ ಚೂರು ಆರಿಸಿ, ಯಾವುದರಾಗಾರ ಒಂದು ಗುಟುಕು ಉಳದೈತೇನು ಅಂತ ನೋಡಿದನಂತ.

ಈ ಮಾತು ಹೇಳೂ ಮುಂದ ಅಕ್ಕೋರ ಲೇಖಣಿ ನಿಂತೈತಿ. ಬರೀರಿ ಅಕ್ಕೋರ, ಬರೀರಿ.

ಮರುದಿನ ಮೊದಲನೇ ಗಾಡಿಗೆ ನಾನೇ ಮನಿಯವರ ಜೋಡಿ ಹಾವೇರಿಗೆ ಹೋಗಿ ಔಷಧ ತಂದೆ. ಒಂದು ದಿನಾ ತಡಾ ಆದದ್ದಕ್ಕ ಮೆಹಬೂಬಿ ಹದಿನೈದು ದಿನಾ ಸಾವು ಬದುಕಿನ ನಡುವ ಒದ್ದಾಡಿದ್ಲು. ದಿನಾ ಹೋಗಿ ಅಕಿ ಕಾಲ ಹಂತ್ಯಾಕ ಕುಂದರತಿದ್ದೆ. ರಸೂಲಬಿ ನನ್ನ ಜೋಡಿ ಮಾತಾಡಲಿಲ್ಲ, ಎದ್ದು ಹೋಗು ಅಂತಾನೂ ಅನ್ನಲಿಲ್ಲ. ಹದಿನಾರನೇ ದಿನಾ ಜ್ವರಾ ಬಿಟ್ಟಿತು. ಅವತ್ತು ರಸೂಲಬಿ ಒಂದು ಬಟ್ಟಲ ಚಹಾ ತಂದು ನನ್ನ ಮುಂದ ಇಟ್ಲು. ಅಕಿ ಉಳೀಲಾರದಿದ್ರ ಈ ಕಥಿ ಹೇಳಾಕ ನನಗ ಬಾಯಿ ಇರತಿರಲಿಲ್ಲ.

ಅದಾದ ಮ್ಯಾಲೆ ಅಗಸೀ ಕಟ್ಟೀಗೆ ಊರು ಕೂಡಿತು. ಚಮನಸಾಬ ಕೈಗೆ ಬಿದಿರಿನ ದಬ್ಬಿ ಕಟಗೊಂಡು ಕುಂತಿದ್ದ. ಹೊಡದ ಮೂವರೂ ತಲಿ ಬಗ್ಗಿಸಿ ಕುಂತಿದ್ರು. ಗೌಡ್ರು ಕೇಳಿದ್ರು, "ವಿಷಾ ಅನ್ನೂ ಮಾತು ಮೊದಲು ಅಂದವರು ಯಾರು?"

ನಡೀತು ನೋಡ್ರಿ ನಾಟಕ. ಇವ ಅಂದ, "ನನಗ ಅಂವ ಹೇಳಿದ." ಅಂವ ಅಂದ, "ನನಗ ಅಕಿ ಹೇಳಿದ್ಲು." ಮುದುಕಿ ಅಂದ್ಲು, "ನಾ 'ಹಗೇವಿಗೆ ಏನೋ ಮಾಡ್ಯಾನಂತ' ಅಂತ ಕೇಳಿದ್ದೆ. ಏನೋ ಅಂದ್ರ ಮತ್ತೇನು, ವಿಷಾನೇ ಅಲ್ಲೇನು?" ಇನ್ನೊಬ್ಬಾಕಿ ಅಂದ್ಲು, "ನಾ ಅಂದದ್ದು ಬರೇ 'ಓಡಿ ಹೋಗ್ಯಾನಂತ' ಅಂತ." ತಿರಗಿ ತಿರಗಿ ಬಂದು ಮಾತು ನೀಲಗಂಗವ್ವನ ಹಂತ್ಯಾಕ ನಿಂತಿತು. ನೆಲಾ ನೋಡಿಕೋತ ಕುಂತ್ಲು. ಆಮ್ಯಾಲೆ ಸಾವಕಾಶ ನನ್ನ ಮಾರಿ ನೋಡಿದ್ಲು.

ಅಷ್ಟೊತ್ತೂ ನಾ ಎಲ್ಲಾರಿಗೂ ಮನಸಿನ್ಯಾಗ ಬೈಯಾಕತ್ತಿದ್ದೆ. ಎಲುಬಿಲ್ಲದ ನಾಲಿಗಿಯವರು, ಕಡ್ಡೀನ ಗುಡ್ಡ ಮಾಡಾವ್ರು ಅಂತ. ಆ ಗುಡ್ಡದ ಕಡ್ಡಿ ನಂದೇ ಆಗಿತ್ತು. ಎದ್ದು ನಿಂತೆ.

"ನಾನ್ರಿ. 'ಯಾರಿಗೂ ಹೇಳದಂಗ ಎಲ್ಲಿ ಹೋದ' ಅಂತ ನಾ ಅಂದೆ. ವಿಷಾ ಅನ್ನಲಿಲ್ಲ. ಆದ್ರ ಮೊದಲನೇ ಮಾತು ನಂದು."

ಎಲ್ಲಾರೂ ಚಮನಸಾಬನ ಕಡೆ ನೋಡಿದ್ರು. ಬೈತಾನ ಅಂತ ನಾ ತಿಳಕೊಂಡಿದ್ದೆ. ಬೈದಿದ್ರ ಛಲೋ ಇತ್ತು.

"ತಂಗೀ" ಅಂದ ಅಂವ, "ನೀ ಕೇಳಿದ್ದು ತಪ್ಪಲ್ಲ. ಮೈದುನ ಬಿದ್ದಾಗ ಯಾರಾದ್ರೂ ಕೇಳತಾರ. ಆದ್ರ ನೀ ನೀಲಗಂಗವ್ವನ್ನ ಕೇಳಿದಿ. ನನ್ನ ಮನಿ ಬಾಗಲ ಅಲ್ಲಿಂದ ಇಪ್ಪತ್ತು ಹೆಜ್ಜಿ ಇತ್ತು. ಅಲ್ಲಿ ಬಂದು ಕೇಳಿದ್ರ ನನ್ನ ಹೆಂಡತಿ ಉತ್ತರಾ ಕೊಡತಿದ್ಲು."

ಆ ಇಪ್ಪತ್ತು ಹೆಜ್ಜಿ ನಾ ಇವತ್ತಿಗೂ ದಿನಾ ಎಣಸತೇನಿ. ನೀರಿಗೆ ಹೋಗೂ ಮುಂದ ಅದೇ ಹಾದಿ ನಂದು.

ಗೌಡ್ರು ದಂಡಾ ಹಾಕೂಣು ಅಂದ್ರು. ಚಮನಸಾಬ ಬ್ಯಾಡಂದ. "ದಂಡಾ ಕೊಟ್ಟಂವ ನನ್ನ ಲೆಕ್ಕಾ ಚುಕ್ತಾ ಆತು ಅಂತ ಮನೀಗೆ ಹೋಗತಾನ. ನನಗ ಬ್ಯಾರೆ ಬೇಕು" ಅಂದ. ಅವತ್ತು ಏನು ಬೇಕಂದನೋ ಅದೇ ಇವತ್ತು ನಮ್ಮೂರಾಗ ನಡದೈತಿ. ಎಂಥಾ ಕೆಟ್ಟ ಸುದ್ದಿ ಬಂದ್ರೂ ಅದನ್ನ ಮುಂದ ಸಾಗಿಸೂ ಮೊದಲು ಇಬ್ಬರು ಹೋಗಬೇಕು, ನಮ್ಮ ಓಣಿಯಿಂದ ಒಬ್ಬರು, ಚಮನಸಾಬನ ಓಣಿಯಿಂದ ಒಬ್ಬರು. ಯಾರ ಸುದ್ದಿಯೋ ಅವರ ಮನಿ ಬಾಗಲಿಗೇ ಹೋಗಿ ಕೇಳಬೇಕು, ಕಣ್ಣೀಲೆ ನೋಡಬೇಕು. ಬಂದು ಅಗಸೀ ಕಟ್ಟೀ ಮ್ಯಾಲೆ ಎಲ್ಲಾರ ಮುಂದ ಹೇಳಬೇಕು. ಅಲ್ಲೀತನಕ ಯಾರೂ ಬಡಿಗಿ ಮುಟ್ಟಂಗಿಲ್ಲ. ನಮ್ಮ ಕಡೆಯಿಂದ ಹೋಗೂ ಕೆಲಸ ನನ್ನ ಕೊರಳಿಗೆ ಬಿತ್ತು. ಅವರ ಕಡೆಯಿಂದ ಯಾರಂತೀರಿ? ರಸೂಲಬಿ.

"ಹೆಣ್ಮಕ್ಕಳು ಹೋಗಿ ಏನು ನೋಡತಾರ?" ಅಂತ ಒಬ್ಬ ನಕ್ಕ. "ಗಂಡಸರು ಹೋಗಿ ಏನು ನೋಡಿದ್ರಪಾ ಟೇಶನ್ನಿನ್ಯಾಗ?" ಅಂದೆ.

ದೀಪಾವಳಿ ಮುಂದ ಇದಕ್ಕ ಪರೀಕ್ಷೆ ಬಂತು. ಬ್ಯಾಡಗಿ ಸಂತಿಯಿಂದ ಬಂದ ಒಬ್ಬ, "ನಿಮ್ಮೂರ ಸುಲಭಾನ್ನ ಯಾರೋ ಸಾಬರ ಚಕ್ಕಡ್ಯಾಗ ಕುಂದ್ರಿಸಿಕೊಂಡು ಒಯ್ದ್ರು" ಅಂದ. ಸುಲಭಾ ಅಂದ್ರ ನಮ್ಮ ಓಣಿಯ ಹುಡುಗಿ, ಅವತ್ತು ಸಂತಿಗೆ ಹೋಗಿದ್ಲು. ಊರು ಕುದ್ದು ಹೋತು. ಹೋದ ಆಷಾಢದಂಗೇ ಮಂದಿ ಎದ್ರು, ನಾ ಅವರ ಕಣ್ಣಾಗ ಅದನ್ನೇ ಕಂಡೆ. ಆದ್ರ ಈ ಸಲ ನಾನೂ ರಸೂಲಬಿನೂ ಗೌಡ್ರ ಚಕ್ಕಡಿ ಹೂಡಿಸಿಕೊಂಡು ಬ್ಯಾಡಗಿಗೆ ಹೋದ್ವಿ. ಸುಲಭಾ ತನ್ನ ಸ್ವಾದರಮಾವನ ಮನ್ಯಾಗ ಕುಂತು ಚುರಮುರಿ ತಿನ್ನಾಕತ್ತಿದ್ಲು. ಸಂತ್ಯಾಗ ಕಾಲು ಉಳುಕಿತ್ತಂತ. ಮಲ್ಲಿಕಸಾಬ ಅಂತ ಒಬ್ಬ ಮೆಣಸಿನಕಾಯಿ ಚಕ್ಕಡಿಯಾಂವ ಪಾಪ ಅಂತ ಮನೀತನಕ ಮುಟ್ಟಿಸಿದ್ದ. ಅವನಿಗೆ ಬಡಿಗಿ ಬೀಳತಿದ್ವು, ಒಂದು ಚೂರಿನ್ಯಾಗ ತಪ್ಪಿತು. ಸುಲಭಾ ನಮಗೂ ಚುರಮುರಿ ಕೊಟ್ಲು. ನನಗ ಸಿಟ್ಟು, ನಗಿ, ಅಳು ಎಲ್ಲಾ ಒಮ್ಮೆಲೇ ಬಂತು.

ಊರ ಹಗೇವು? ಆ ಆಷಾಢದಾಗ ಸುಡಬೇಕಂದ ಜೋಳಾ ತಿಂದೇ ಊರು ಶ್ರಾವಣಾ ದಾಟಿತು. ಪೆಂಡಿ ಹೊತ್ತು ಬಂದಂವನ ಮನೀಗೂ ಅದರಾಗಿಂದಲೇ ಎರಡು ಬುಟ್ಟಿ ಹೋತು. ಈ ವರ್ಷದ ಸುಗ್ಗ್ಯಾಗ ಪ್ರತಿ ಮನಿಯಿಂದ ಹೆಚ್ಚು ಬಂತು. ನಾ ಕೈಯಾರೆ ಮೂರು ಚೀಲ ಸುರುವಿ ಬಂದೆ, ಯಾರ ಜೋಡೀನೂ ಮಾತು ಬಿಡಲಿಲ್ಲ.

ಮೊನ್ನೆ ಮತ್ತ ಕಲ್ಲು ಸರಿಸಿದ್ವಿ. ಒಂದು ದಿನಾ ಬಾಯಿ ತೆರದು ಬಿಟ್ವಿ. ಮರುದಿನ ಚಮನಸಾಬ ಬಂದ. ಅವನ ಬಲಗೈ ಈಗ ಪೂರಾ ಮ್ಯಾಲೆ ಏಳಂಗಿಲ್ಲ. ಎಡಗೈಲೆ ಕಂದೀಲು ತಂದು ಗುಡ್ಡಪ್ಪನ ಕೈಯಾಗ ಕೊಟ್ಟ. "ಇಳಿಸಪಾ" ಅಂದ. ಗುಡ್ಡಪ್ಪ ನೆಲಕ್ಕ ಬೋರಲು ಮಕ್ಕೊಂಡು ಸಾವಕಾಶ ಇಳಿಸಿದ. ಒಂದು ಮೊಳ, ಎರಡು ಮೊಳ, ಮೂರು ಮೊಳ. ಊರಿಗೆ ಊರೇ ಸುತ್ತ ನಿಂತು ನೋಡಾಕತ್ತಿತ್ತು. ಜೋಳದ ಮ್ಯಾಲೆ ಹೋಗಿ ಕುಂತ್ರೂ ಕಂದೀಲು ಉರೀತಿತ್ತು.

"ಕಾಕಾ, ಇಳೀಲೇನು?" ಅಂತ ಗುಡ್ಡಪ್ಪ ಕೇಳಿದ.

"ಈಗ ಇಳೀ" ಅಂದ ಚಮನಸಾಬ.

ಅಕ್ಕಗಳಿರಾ, ಅಣ್ಣಗಳಿರಾ, ಇದನ್ನ ಓದಾವ್ರ, ಓದಿಸಿ ಕೇಳಾವ್ರ, ಈಗ ನಿಮಗ ಹೇಳತೇನಿ. ಸುಗ್ಗ್ಯಾಗ ಕೈ ತುಂಬ ಇದ್ದಾಗಲೇ ಊರಿಗಂತ ಒಂದು ಹಗೇವು ತುಂಬಿ ಇಡ್ರಿ, ಹಸದಾಗ ಅಲ್ಲ. ಮುಚ್ಚಿದ ಹಗೇವಿಗೆ ಕಂದೀಲು ಇಳಿಸದಂಗ ಯಾರೂ ಇಳೀಬ್ಯಾಡ್ರಿ, ಎಷ್ಟೇ ಅವಸರಿರಲಿ. ಇನ್ನ ಯಾರದಾರೆ ಮ್ಯಾಲೆ ಒಂದು ಕೆಟ್ಟ ಮಾತು ನಿಮ್ಮ ಕಿವೀಗೆ ಬಿದ್ರ, ಅದನ್ನ ಹೊತ್ತುಕೊಂಡು ಓಣಿ ತುಂಬ ಓಡಬ್ಯಾಡ್ರಿ. ಅದೂ ಮುಚ್ಚಿದ ಹಗೇವಿನಂಗೇ, ಒಳಗ ಏನೈತಿ ಅಂತ ಮ್ಯಾಲೆ ನಿಂತವರಿಗೆ ಗೊತ್ತಾಗಂಗಿಲ್ಲ. ಎದ್ದು ಹೋಗಿ ಅವರ ಬಾಗಲ ಬಡೀರಿ, ಅವರನ್ನೇ ಕೇಳ್ರಿ. ಮುರದ ಕೈಗೆ ದಬ್ಬಿ ಕಟ್ಟಬಹುದು, ಒಡದ ಬಾಟ್ಲಿಯಿಂದ ಔಷಧ ತುಂಬಿಕೊಳ್ಳಾಕ ಆಗಂಗಿಲ್ಲ.

ನಿಮ್ಮ ಊರಾಗ ಆ ಬಾಗಲ ಎಷ್ಟು ದೂರ ಐತಿ? ನಮ್ಮೂರಾಗ ಇಪ್ಪತ್ತೇ ಹೆಜ್ಜಿ ಇತ್ತು, ನಾ ನಡೀಲಿಲ್ಲ. ನೀವು ನಡೀರಿ.